ಗಾದಿಲಿಂಗನ ರುಜು

ಮೊಹರಿನ ಮಸಿಯ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಬೆರಳು ನೆನಪಾಗುತ್ತದೆ. ಅಪ್ಪ ಸೆರೆಮನೆಯಲ್ಲಿ ಗುಮಾಸ್ತರಾಗಿದ್ದರು. ಕೈದಿಗಳ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿ ಒತ್ತಿಸಿ ಅವರ ಉಗುರಿನ ಸಂದಿಯಲ್ಲಿ ಆ ನೀಲಿ ನಿಂತುಬಿಟ್ಟಿತ್ತು. ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು.

ಅದು ಪಾನನಿರೋಧದ ಕಾಲ. ಸೆರೆಮನೆಯ ತುಂಬ ಕಳ್ಳಭಟ್ಟಿಯವರೇ. ಅವರೆಲ್ಲರ ದೊರೆ ಗಾದಿಲಿಂಗ. ಅವನು ಬಂದನೆಂದರೆ ಪೇಟೆಯವರು ಅಂಗಡಿ ಬಾಗಿಲು ಹಾಕುತ್ತಿದ್ದರಂತೆ. ಅಂಥವನಿಗೆ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ. ಅದನ್ನು ಗಮನಿಸಿದ ಅಪ್ಪ, ಯಾರಿಗೂ ಹೇಳದೆ, ಮೂರು ತಿಂಗಳು ಕೂತು ಅವನಿಗೆ ರುಜು ಮಾಡುವುದನ್ನು ಕಲಿಸಿದರು. ಅಂದಿನಿಂದ ಅವನ ಬಾಯಲ್ಲಿ ಅಪ್ಪ "ಮೇಷ್ಟ್ರು" ಆದರು.

ಅಲ್ಲೊಂದು ಪದ್ಧತಿಯಿತ್ತು. ದಿನವೂ ಊಟ ಬಡಿಸುವ ಮೊದಲು ಕೈದಿಯೊಬ್ಬ ರುಚಿ ನೋಡಿ, 'ಊಟ ಸರಿಯಿದೆ' ಎಂಬ ಹಾಳೆಗೆ ರುಜು ಹಾಕಬೇಕು. ಗಾದಿಲಿಂಗ ಒಪ್ಪಿದರೆ ಮಿಕ್ಕವರು ತಕರಾರು ಮಾಡುವುದಿಲ್ಲವೆಂದು ಆ ಕೆಲಸ ಅವನಿಗೇ ಬಿತ್ತು. ಆದರೆ ಅವನು ಒಂದೊಂದು ಅಕ್ಷರವನ್ನೂ ಕಾಳು ಊರುವವನಂತೆ ಬರೆಯುತ್ತಿದ್ದ. ಅಷ್ಟರಲ್ಲಿ ಊಟ ಆರಿಹೋಗುತ್ತಿತ್ತು. ದಣಿದ ಅಪ್ಪ ಒಂದು ಸುಲಭ ದಾರಿ ಹುಡುಕಿದರು: ಭಾನುವಾರವೇ ವಾರದ ಏಳು ಹಾಳೆಗೂ ರುಜು ಹಾಕಿಸಿಟ್ಟುಕೊಂಡರು.

ರುಜು ಮೊದಲೇ ಆಗಿಬಿಟ್ಟ ಮೇಲೆ ದಿನವೂ ರುಚಿ ನೋಡುವುದೂ ನಿಂತಿತು. ಒಂದು ಗುರುವಾರ ಹಳಸಿದ ಸಾರು ಉಂಡು ನಲವತ್ತು ಜನ ವಾಂತಿಭೇದಿಯಿಂದ ಮಲಗಿದರು. ಯಾರೂ ಸಾಯಲಿಲ್ಲ, ಆದರೆ ವಿಚಾರಣೆಗೆ ಮೇಲಿನ ಸಾಹೇಬರು ಬಂದರು. ನಿಜ ತಿಳಿದರೆ ಅಪ್ಪನ ನೌಕರಿ ಹೋಗುತ್ತಿತ್ತು, ನಾವಿದ್ದ ಸರ್ಕಾರಿ ಮನೆಯೂ. ಅಮ್ಮ ಮನೆಯಲ್ಲಿ ಕೂರಲಾರದೆ ನನ್ನ ಕೈ ಹಿಡಿದುಕೊಂಡು ಕಚೇರಿಯ ಜಗಲಿಗೆ ಬಂದು ನಿಂತಳು.

"ಈ ರುಜು ನಿನ್ನದೇನೋ?" ಗುರುವಾರದ ಹಾಳೆ ತೋರಿಸಿ ಸಾಹೇಬರು ಗಾದಿಲಿಂಗನನ್ನು ಕೇಳಿದರು.

"ನಂದೇ ಸ್ವಾಮಿ. ಇಷ್ಟು ಸೊಟ್ಟಗೆ ಇನ್ಯಾರಿಗೆ ಬರುತ್ತೆ?" ಎಂದ ಗಾದಿಲಿಂಗ.

"ಊರಿಗೆಲ್ಲ ಸಾರಾಯಿ ಕುಡಿಸಿದ ಭೂಪ! ಸಾರು ಹಳಸಿದ್ದು ಗೊತ್ತಾಗಲಿಲ್ಲವೇ?"

"ಆ ಸಾರಾಯಿ ಚಪ್ಪರಿಸಿ ಚಪ್ಪರಿಸಿಯೇ ನಾಲಿಗೆ ಸತ್ತೋಗಿದೆ ಸ್ವಾಮಿ. ಉಂಡೆ, ಸರಿಯಿದೆ ಅಂದೆ. ತಪ್ಪು ನಂದು."

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಗಾದಿಲಿಂಗ ಜೋರಾಗಿ ಕೆಮ್ಮಿದ. ಅಪ್ಪ ಬಾಯಿ ಮುಚ್ಚಿದರು. ಆಮೇಲೆ ಬದುಕಿದ್ದಷ್ಟು ಕಾಲವೂ ಆ ಒಂದು ಗಳಿಗೆಯನ್ನು ಹೊತ್ತು ಸುಸ್ತಾದವರಂತೆಯೇ ಓಡಾಡಿದರು.

ಒಳ್ಳೆಯ ನಡತೆಗೆ ಸಿಕ್ಕಿದ್ದ ಆರು ತಿಂಗಳ ಶಿಕ್ಷೆಯ ಮಾಫಿಯನ್ನು ಸಾಹೇಬರು ಅಲ್ಲೇ ರದ್ದು ಮಾಡಿದರು. ಮುಂದಿನ ವಾರ ಮನೆಗೆ ಹೋಗಬೇಕಿದ್ದವನು ಅವನು. ಆ ಆಜ್ಞೆಗೂ ಅವನ ರುಜು ಬೇಕಿತ್ತು. ನೆಲದ ಮೇಲೆ ಕೂತು, ತುಟಿ ಕಚ್ಚಿಕೊಂಡು, ನಿಧಾನವಾಗಿ ಬರೆದ. ಅಂದು ಯಾರೂ ಅವಸರ ಮಾಡಲಿಲ್ಲ.

ಮಾರನೆಯ ಮಧ್ಯಾಹ್ನ ಅವನು ಹೆಬ್ಬಾಗಿಲ ಒಳಗೆ ಕಸ ಗುಡಿಸುತ್ತಿದ್ದ. ಹೊರಗಿನ ಊಟ ಒಳಗೆ ಬಿಡುವಂತಿರಲಿಲ್ಲ. ನನ್ನನ್ನು ಕರೆದುಕೊಂಡು ಅಲ್ಲಿಗೆ ಬಂದ ಅಮ್ಮನನ್ನು ಕಂಡ ಕಾವಲಿನವನು ಬೀಡಿ ಹಚ್ಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಿಂತ. ಅಮ್ಮನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಎಣ್ಣೆಗಾಯಿ. ಕಂಬಿಯ ಸಂದಿಯಿಂದ ಅದನ್ನು ಅವನ ಎರಡೂ ಕೈಗಳಲ್ಲಿಟ್ಟಳು.