ಇಪ್ಪತ್ತಾರು ಹಾಡು, ನಲವತ್ತೊಂದು ಸಿಡಿ

ಅಕ್ಕನ ಫೋನು ಬಂದಾಗ ಲಿಫ್ಟ್ ಮೆಕ್ಯಾನಿಕ್ಕು ಒಂಬತ್ತನೇ ಮಹಡಿಗೂ ಹತ್ತನೇ ಮಹಡಿಗೂ ನಡುವೆ, ಲಿಫ್ಟಿನ ನೆತ್ತಿಯ ಮೇಲೆ ಮಂಡಿಯೂರಿ ಕೂತಿದ್ದ. ಬಾಯಲ್ಲಿ ಟಾರ್ಚು, ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಕೈ ಮೊಣಕೈವರೆಗೂ ಗ್ರೀಸು. ಐವತ್ತಾರು ವರ್ಷದ ಮಂಡಿಗಳು ಬೆಳಗಿನಿಂದಲೇ ಮುಷ್ಕರ ಹೂಡಿದ್ದವು. ಇಂಥ ಹೊತ್ತಿನಲ್ಲಿ ದೇವರೇ ಫೋನು ಮಾಡಿದರೂ ಮನುಷ್ಯ ನೆಟ್ಟಗೆ ಮಾತಾಡುವುದಿಲ್ಲ, ಇನ್ನು ಅಕ್ಕನ ಪಾಡೇನು.

"ನಾಡಿದ್ದು ನಿಮ್ಮ ಭಾವನ್ನ ಆಸ್ಪತ್ರೆಯಿಂದ ಕಳಿಸ್ತಾರಂತೆ ಕಣೋ. ಮಂಚ ಮುಂದಿನ ಕೋಣೇಲೇ ಹಾಕ್ಬೇಕು, ಆ ಸಿಡಿ ಕಪಾಟು ತೆಗೀದೆ ಆಗಲ್ಲ. ಎಲ್ಲಾ ಅದೇ ಒಬ್ಬನ ಹಾಡು. ಯಾವುದು ಒಳ್ಳೇದು ಹೇಳು, ಅಷ್ಟು ಇಟ್ಕೋತೀನಿ."

ಅವನು ಬಾಯಿಂದ ಟಾರ್ಚು ತೆಗೆದ. "ಆ ದೊಡ್ಡ ಪೆಟ್ಟಿಗೆ ಇಟ್ಕೋ ಅಕ್ಕ. ತೆಳ್ಳಗೆ ನೀಲಿ ಕವರಿಂದು ಒಂದಿದೆ, ಅದನ್ನೂ ಇಟ್ಕೋ. ಮಿಕ್ಕಿದ್ದೆಲ್ಲಾ ಕೊಟ್ಬಿಡು."

"ಎಲ್ಲಾನೂ?"

"ಎಲ್ಲಾನೂ. ಬರೀ ಕಸ ಅದು."

ಅರ್ಧ ನಿಮಿಷದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅವನಿಗೆ ಗೊತ್ತಿಲ್ಲದ ಗಾದೆಯೇನಲ್ಲ. ಆದರೆ ಗಾದೆ ನೆನಪಾಗುವುದಕ್ಕೂ ಒಂದಿಷ್ಟು ಪುರುಸೊತ್ತು ಬೇಕು. ಅವನು ಫೋನನ್ನು ಜೇಬಿಗೆ ತುರುಕಿ ಮತ್ತೆ ಟಾರ್ಚು ಕಚ್ಚಿಕೊಂಡ.

ಆ ಕಪಾಟಿನ ಕತೆ ಸ್ವಲ್ಪ ಹೇಳಲೇಬೇಕು. ರಾಕ್ ಅಂಡ್ ರೋಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಒಬ್ಬ ಗಿಟಾರಿನವನಿದ್ದ. ಎರಡೇ ವರ್ಷದಲ್ಲಿ ಇಪ್ಪತ್ತಾರು ಹಾಡು ನುಡಿಸಿ, ಸಾಕು ಅಂತ ಗಿಟಾರು ಮಾರಿ ಟೈರಿನ ಅಂಗಡಿ ಇಟ್ಟವನು. ಭಾವ, ಭಾವಮೈದ ಇಬ್ಬರೂ ಅವನನ್ನು 'ಮೇಷ್ಟ್ರು' ಎನ್ನುತ್ತಿದ್ದರು. ಮೇಷ್ಟ್ರು ಬಿಟ್ಟರೂ ಕಂಪನಿಗಳು ಬಿಡಲಿಲ್ಲ. ಅದೇ ಇಪ್ಪತ್ತಾರು ಹಾಡನ್ನು ತಿರುವಿ ಮುರುವಿ ಹಾಕಿ, ಹೊಸ ಹೊಸ ಕವರಿನಲ್ಲಿ ಮತ್ತೆ ಮತ್ತೆ ಹೊರಡಿಸಿದವು. ಒಬ್ಬರು ಹಳೇ ಟೇಪಿನ ಸರಸರ ಸದ್ದು ತೆಗೆಯಲು ಹೋಗಿ ಹಾಡಿನ ಜೀವವನ್ನೇ ತೆಗೆದರು. ಒಬ್ಬರು ಬಾವಿಯೊಳಗಿಂದ ಬಂದ ಹಾಗೆ ಪ್ರತಿಧ್ವನಿ ಸೇರಿಸಿದರು. ಇನ್ನೊಬ್ಬ ಪುಣ್ಯಾತ್ಮ ಟೇಪನ್ನು ಚೂರು ಜೋರಾಗಿ ಓಡಿಸಿಬಿಟ್ಟ, ಮೇಷ್ಟ್ರು ಬಸ್ಸು ತಪ್ಪಿಹೋಗುತ್ತೆ ಅನ್ನುವವರ ಹಾಗೆ ನುಡಿಸುತ್ತಿದ್ದರು.

ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಭಾವ ಇದನ್ನೂ ಪ್ರಯೋಗವೆಂದೇ ಮಾಡಿದ. ಭಾನುವಾರ ಮಧ್ಯಾಹ್ನ ಒಬ್ಬ ಗೋಡೆ ಕಡೆ ಮುಖ ಮಾಡಿ ಕೂರುವುದು, ಇನ್ನೊಬ್ಬ ಯಾವ ಸಿಡಿ ಎಂದು ಹೇಳದೆ ಒಂದೊಂದೇ ಹಾಕುವುದು. ಬೆರಳು ತಂತಿಯ ಮೇಲೆ ಜಾರುವ ಸದ್ದು ಕೇಳಿದರೆ ಪಾಸು, ಕೇಳದಿದ್ದರೆ ಫೇಲು. ಹತ್ತೊಂಬತ್ತು ವರ್ಷದಲ್ಲಿ ಕಪಾಟಿಗೆ ನಲವತ್ತೊಂದು ಸಿಡಿ ಬಂದವು. ಪೂರ್ತಿ ಪಾಸಾದದ್ದು ಒಂದೇ. ಯಾರೋ ಹುಚ್ಚ ಎಂಜಿನಿಯರು ಮೂಲ ಟೇಪು ಹುಡುಕಿ, ಏನೂ ಸೇರಿಸದೆ ಏನೂ ತೆಗೆಯದೆ, ಮುನ್ನೂರೇ ಮುನ್ನೂರು ಪ್ರತಿ ಮಾಡಿದ ನೀಲಿ ಕವರಿನದು. ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಕೂತು ನುಡಿಸಿದಂತಿತ್ತು. ಅದು ಸಿಕ್ಕಿದ ದಿನ ಭಾವ ಊಟ ಮಾಡಲಿಲ್ಲ, ಅಕ್ಕ ಇಬ್ಬರಿಗೂ ಸೇರಿಸಿ ಬೈದಳು.

ಈಗ ಆ ಭಾವನಿಗೆ ಪಾರ್ಶ್ವವಾಯು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಉಳಿದದ್ದು 'ಆಂ' ಎನ್ನುವ ಒಂದು ಸದ್ದು, ಬೇಡ ಎಂದು ಆಡಿಸುವ ತಲೆ. ಕಿವಿ ಮಾತ್ರ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು.

ಮೆಕ್ಯಾನಿಕ್ಕು ಆಸ್ಪತ್ರೆಗೆ ಎರಡು ಸಲ ಹೋಗಿ ಬಂದ. ಭಾವ ಮನೆಗೆ ಬಂದ ಮೇಲೆ ನೋಡಲು ಹೋಗಲಿಲ್ಲ. ಕೆಟ್ಟವನೇನಲ್ಲ, ದಣಿದವನು. ನಲವತ್ತೆಂಟು ಲಿಫ್ಟು ಒಬ್ಬನ ತಲೆಗೆ ಕಟ್ಟಿದ್ದರು, ಸಂಜೆ ಮನೆಗೆ ಬಂದರೆ ಬೂಟು ಬಿಚ್ಚಲೂ ಬಗ್ಗಲಾಗುತ್ತಿರಲಿಲ್ಲ. ಈ ವಾರ ಬರ್ತೀನಿ ಅಕ್ಕ, ಬರೋ ವಾರ ಬರ್ತೀನಿ ಅಕ್ಕ ಎನ್ನುತ್ತಲೇ ಹದಿಮೂರು ವಾರ ಉರುಳಿತು. ದಣಿವು ನಿಜವೇ. ಆದರೆ ಮಾತು ಬಾರದ ಭಾವನ ಎದುರು ಕೂರಲು ಅವನಿಗೆ ಹೆದರಿಕೆ ಇತ್ತು, ಆ ಹೆದರಿಕೆಗೆ ದಣಿವಿನ ಅಂಗಿ ತೊಡಿಸಿದ್ದ.

ಹದಿಮೂರನೇ ವಾರ ಅಕ್ಕನೇ ಫೋನು ಮಾಡಿದಳು. ಅವಳ ದನಿ ಕೇಳಿ ಅವನಿಗೆ ಗಾಬರಿಯಾಯಿತು.

"ನಿಮ್ಮ ಭಾವನಿಗೆ ನಾನು ಬೇಡವಾಗಿದೀನಿ ಕಣೋ. ದಿನಾ ಆ ಪೆಟ್ಟಿಗೆ ತೆಗೆದು ಹಾಡು ಹಾಕ್ತೀನಿ. ಹಾಕಿ ಪಕ್ಕ ಕೂತ್ರೆ ಬೇಡ ಬೇಡ ಅಂತ ತಲೆ ಆಡಿಸ್ತಾರೆ. ಆಮೇಲೆ ಗೋಡೆ ಕಡೆ ತಿರುಗ್ತಾರೆ. ಹಾಡು ಬೇಡ ಅನ್ನೋ ಜನ ಅಲ್ವಲ್ಲ ಅವ್ರು. ಪಕ್ಕ ಕೂತಿರೋಳೇ ಬೇಡ ಅಂತ ತಾನೇ? ಮೂವತ್ತು ವರ್ಷ ಬೈದಿದ್ದಕ್ಕೆ ಈಗ ಲೆಕ್ಕ ಚುಕ್ತಾ."

"ಹಂಗೆಲ್ಲಾ ಇರಲ್ಲ ಅಕ್ಕ. ಶನಿವಾರ ರಜ ಇದೆ, ಬರ್ತೀನಿ."

ಶನಿವಾರ ಅವನು ಹೋದಾಗ ಭಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಬೆನ್ನು ಇಷ್ಟು ಸಣ್ಣದಾಗಿದ್ದು ಯಾವಾಗ ಎಂದು ಅವನಿಗೆ ಹೊಳೆಯಲಿಲ್ಲ. ಕಪಾಟಿದ್ದ ಜಾಗದಲ್ಲಿ ಮಂಚ, ಔಷಧಿಯ ಮೇಜು, ಅದರ ಮೇಲೆ ಪ್ಲೇಯರು. ಅಕ್ಕ ದೊಡ್ಡ ಪೆಟ್ಟಿಗೆಯಿಂದ ಒಂದು ಸಿಡಿ ಹಾಕಿ ತೋರಿಸಿದಳು. ಗಿಟಾರು ಶುರುವಾದದ್ದೇ ಭಾವನ ತಲೆ ದಿಂಬಿನ ಮೇಲೆ ಆ ಕಡೆ ಈ ಕಡೆ ಆಡಿತು. ಅಕ್ಕ 'ನೋಡಿದ್ಯಾ' ಎನ್ನುವಂತೆ ತಮ್ಮನನ್ನು ನೋಡಿದಳು.

ಮೆಕ್ಯಾನಿಕ್ಕಿಗೆ ಸಮಾಧಾನವೇ ಆಯಿತು. "ಇದು ಸದ್ದು ತೆಗೆದು ತೊಳೆದ ಪೆಟ್ಟಿಗೆ ಅಕ್ಕ, ಫೇಲಾಗಿದ್ದು. ನೋಡೋಕೆ ಚೆನ್ನಾಗಿದೆ ಅಂತ ಇಟ್ಟಿದ್ವಿ ಅಷ್ಟೇ. ಭಾವನಿಗೆ ಕೋಪ ಬರದೆ ಇನ್ನೇನು? ಆ ನೀಲಿ ಕವರಿಂದು ತಾ, ಒಂದು ನಿಮಿಷದಲ್ಲಿ ಸರಿಮಾಡ್ತೀನಿ."

ಅಪರೂಪದ್ದು, ಹಾಳಾದೀತು ಅಂತ ಅಕ್ಕ ಇದುವರೆಗೆ ಮುಟ್ಟದೆ ಎತ್ತಿಟ್ಟಿದ್ದ ನೀಲಿ ಕವರು ಬಂತು. ಅವನು ಸಿಡಿ ಹಾಕಿ, ಗೆದ್ದವನ ಹಾಗೆ ಕೈಕಟ್ಟಿ ನಿಂತ. ಪ್ಲೇಯರಿನಿಂದ ಒಬ್ಬ ಹೆಂಗಸಿನ ದನಿ ಬಂತು: "ನಮಸ್ಕಾರ. ಕುರ್ಚಿಯಲ್ಲಿ ನೇರವಾಗಿ ಕುಳಿತುಕೊಳ್ಳಿ. ಈಗ ಎರಡೂ ಭುಜಗಳನ್ನು ನಿಧಾನವಾಗಿ ಮೇಲಕ್ಕೆತ್ತಿ."

ಅಕ್ಕ ಬಾಯಿ ಬಿಟ್ಟುಕೊಂಡು ನಿಂತಳು. ಮೆಕ್ಯಾನಿಕ್ಕು ಸಿಡಿ ಹೊರತೆಗೆದು ತಿರುಗಿಸಿ ನೋಡಿದ.

ಎಲ್ಲಾ ನೆನಪಾಯಿತು. ಆ ಭಾನುವಾರಗಳ ಕಾಲದಲ್ಲಿ ಅವರಿಗೊಬ್ಬ ಗೆಳೆಯನಿದ್ದ, ಎರವಲು ರಾಯರು ಎಂದೇ ಅವನ ಹೆಸರು. ಕೊಂಡೊಯ್ದದ್ದನ್ನು ಹಿಂದಿರುಗಿಸಿದ ಚರಿತ್ರೆಯೇ ಇರಲಿಲ್ಲ. ಕಣ್ಣು ಮಾತ್ರ ಹದ್ದಿನದು, ಒಳ್ಳೆಯ ಕವರಿನ ಮೇಲೇ ಬೀಳುತ್ತಿತ್ತು. ಅದಕ್ಕೆ ಮೆಕ್ಯಾನಿಕ್ಕೇ ಒಂದು ಉಪಾಯ ಹೇಳಿಕೊಟ್ಟಿದ್ದ: ಒಳ್ಳೆಯ ಸಿಡಿಯನ್ನು ಯಾರೂ ಮುಟ್ಟದ ಕವರಿನಲ್ಲಿ ಬಚ್ಚಿಡಿ ಭಾವ. ಭಾವ ನಗುನಗುತ್ತಾ 'ಅರವತ್ತು ದಾಟಿದವರಿಗೆ ಸುಲಭ ವ್ಯಾಯಾಮ' ಎಂಬ ಡಬ್ಬಿ ಹುಡುಕಿ ತಂದಿದ್ದ. ಎರಡರ ಹೊಟ್ಟೆಯನ್ನೂ ಅದಲು ಬದಲು ಮಾಡಿದ್ದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ರಾಯರು ಊರು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಸಿಡಿ ಮಾತ್ರ ಅಲ್ಲೇ ಇತ್ತು. ಅದನ್ನೇ ಅವನು ಫೋನಿನಲ್ಲಿ ಕಸ ಎಂದಿದ್ದ.

"ವ್ಯಾಯಾಮದ ಡಬ್ಬಿ ಯಾರಿಗೆ ಕೊಟ್ಟೆ ಅಕ್ಕ?"

"ಎಲ್ಲಾ ಒಟ್ಟಿಗೇ ಕೊಟ್ಟೆ. ಮಾರ್ಕೆಟ್ ಹಿಂದೆ ಹಳೇ ಸಾಮಾನಿನ ಅಂಗಡಿ ಇದೆಯಲ್ಲ, ಅಲ್ಲಿಗೆ. ಯಾಕೋ?"

"ಬಂದು ಹೇಳ್ತೀನಿ" ಎಂದು ಹೊರಟ. ಹೇಳಬಹುದಿತ್ತು. ಧೈರ್ಯ ಬರಲಿಲ್ಲ.

ಅಂಗಡಿಯ ಮುದುಕಿ ಕನ್ನಡಕವನ್ನು ಹಣೆಗೇರಿಸಿ ಯೋಚಿಸಿದಳು. ಹಳೇ ಕೋಟುಗಳ ನಡುವೆ ಸಿಡಿಗಳ ಎರಡು ಟ್ರೇ ಇದ್ದವು. ಫೇಲಾದ ಮೂವತ್ತೊಂಬತ್ತರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ ಇದ್ದವು, ಒಂದನ್ನೂ ಯಾರೂ ಮೂಸಿ ನೋಡಿರಲಿಲ್ಲ. "ವ್ಯಾಯಾಮದ್ದಾ? ಅದನ್ನ ಹಿರಿಯರ ಕೇಂದ್ರದ ಟೀಚರಮ್ಮ ಆವತ್ತೇ ತಗೊಂಡು ಹೋದ್ರಲ್ಲ. ಬಸ್ ಸ್ಟಾಪ್ ದಾಟಿ ಬಲಕ್ಕೆ."

ಮಂಡಿ ಎಳೆದುಕೊಂಡು ಬಸ್ ಸ್ಟಾಪ್ ದಾಟಿ ಬಲಕ್ಕೆ ತಿರುಗುವಾಗಲೇ ಮೇಷ್ಟ್ರ ಗಿಟಾರು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರೆ ಹನ್ನೊಂದು ಜನ ಮುದುಕ ಮುದುಕಿಯರು ಕುರ್ಚಿಗಳಲ್ಲಿ ವೃತ್ತವಾಗಿ ಕೂತು, ಒಬ್ಬರಿಗೊಬ್ಬರು ತಾಳ ಕೂಡದೆ ಕೈ ಎತ್ತಿ ಇಳಿಸುತ್ತಿದ್ದರು. ಬೆರಳು ತಂತಿಯ ಮೇಲೆ ಜಾರುವ ಸದ್ದು ಬೀದಿಗೇ ಕೇಳುತ್ತಿತ್ತು. ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಹಾಡು ಮುಗಿಯುವವರೆಗೆ ಹೊರಗೇ ನಿಂತ.

ಟೀಚರಮ್ಮ ಅವನ ಕತೆಯನ್ನು ಕೇಳಿ ಕುತ್ತಿಗೆಯ ಟವೆಲಿನಿಂದ ಬೆವರು ಒರೆಸಿಕೊಂಡಳು. "ಮೊದಲ ದಿನ ನನಗೂ ದಿಕ್ಕು ತೋಚಲಿಲ್ಲ. ಈಗ ಬೇರೆ ಏನು ಹಾಕಿದ್ರೂ ಇವ್ರು ಕೈ ಎತ್ತಲ್ಲ. ಕೊಟ್ಬಿಟ್ರೆ ಸೋಮವಾರ ನಾನೇನ್ ಮಾಡ್ಲಿ?"

"ನಿಮ್ಮ ನಿಜವಾದ ಸಿಡಿ ನನ್ನ ಹತ್ರ ಇದೆ, ನೇರವಾಗಿ ಕೂತ್ಕೊಳ್ಳಿ ಅಂತ ಒಬ್ಬ ಹೆಂಗಸು ಹೇಳಿಕೊಡೋದು" ಎಂದ.

"ಆ ಹೆಂಗಸು ಬೇಡಪ್ಪಾ" ಎಂದಿತು ಕಿಟಕಿ ಪಕ್ಕದ ಅಜ್ಜಿ. "ಮನೇಲಿ ಸೊಸೆ ಹೇಳ್ತಾಳಲ್ಲ, ನೇರ ಕೂತ್ಕೊಳ್ಳಿ ನೇರ ಕೂತ್ಕೊಳ್ಳಿ ಅಂತ. ಇಲ್ಲೂ ಅದೇ ಕೇಳ್ಬೇಕಾ?"

ಸೋಮವಾರ ಬೆಳಿಗ್ಗೆಯೊಳಗೆ ಇದರದೇ ಒಂದು ಪ್ರತಿ ಮಾಡಿ ತಂದುಕೊಡುತ್ತೇನೆ ಎಂದು ಅವನು ಮಾತು ಕೊಟ್ಟ. ಟೀಚರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರಿಗಂದ್ರಿ, ನಿಮ್ಮ ಭಾವನಿಗಾ? ಹುಷಾರಿಲ್ವಾ? ತಗೊಂಡು ಹೋಗಿ. ಸೋಮವಾರ ಮರೀಬೇಡಿ" ಎಂದು ಡಬ್ಬಿಯನ್ನು ಕೈಗಿಟ್ಟಳು.

ವಾಪಸು ಬಂದಾಗ ಮಧ್ಯಾಹ್ನ ಇಳಿದಿತ್ತು. ಭಾವ ಹಾಗೆಯೇ ಗೋಡೆ ಕಡೆ ಮಲಗಿದ್ದ. ಮೆಕ್ಯಾನಿಕ್ಕು ಸಿಡಿ ಹಾಕಿದ.

ಮೊದಲ ಮೀಟಿಗೇ ಹೊದಿಕೆಯ ಮೇಲಿದ್ದ ಭಾವನ ಎಡಗೈ ಕದಲಿತು. ನಾಲ್ಕು ಬೆರಳು ಇಲ್ಲದ ತಂತಿಗಳನ್ನು ಹುಡುಕಿ ಒತ್ತಿದವು. ತಲೆ ಆಡಲಿಲ್ಲ. ಎರಡನೇ ಹಾಡಿಗೆ ಅವನು ಈ ಕಡೆ ತಿರುಗತೊಡಗಿದ. ಮೊದಲು ಭುಜ, ಆಮೇಲೆ ಗದ್ದ, ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಹೋದ ಭಾವಮೈದನ ಕೈಯನ್ನು ಭಾವನ ಕಣ್ಣು ದಾಟಿಹೋಯಿತು. ಬಾಗಿಲ ಬಳಿ ಅಕ್ಕ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು. ಅವಳನ್ನು ನೋಡಿ ಭಾವ "ಆಂ" ಎಂದ. ಸ್ವಲ್ಪ ತಡೆದು ಮತ್ತೆ "ಆಂ" ಎಂದ.

ಅಕ್ಕ ಒಳಗೆ ಬರಲಿಲ್ಲ.

"ಅವ್ರು ಬೇಡ ಅಂದಿದ್ದು ಆ ಪೆಟ್ಟಿಗೇನ ಅಕ್ಕ" ಎಂದ ಮೆಕ್ಯಾನಿಕ್ಕು. "ನಿನ್ನನ್ನಲ್ಲ. ಒಳ್ಳೇದು ವ್ಯಾಯಾಮದ ಡಬ್ಬೀಲಿತ್ತು. ಅಲ್ಲಿ ಬಚ್ಚಿಡೋಕೆ ಹೇಳಿಕೊಟ್ಟೋನು ನಾನೇ. ಕಸ ಅಂತ ಕೊಡ್ಸಿದೋನೂ ನಾನೇ. ಫೋನಲ್ಲಿ ಒಂದು ನಿಮಿಷ ಯೋಚನೆ ಮಾಡ್ಲಿಲ್ಲ."

ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ, ಯಾರಿಗೋ ಹೇಳುವಂತೆ ಹೇಳಿದಳು.

"ಮೂರು ವಾರ ಆಯ್ತು ಕಣೋ, ನಾನು ಅವ್ರಿಗೆ ಊಟ ತಿನ್ನಿಸಿ. ನನ್ನ ಕೈ ಬೇಡವೇನೋ ಅಂತ, ನೋಡ್ಕೊಳ್ಳೋಕೆ ಬರೋ ಆಯಾಗೆ ಬಿಟ್ಬಿಟ್ಟೆ. ಅವಳು ತಿನ್ನಿಸೋವಾಗ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ನಿಂತಿರ್ತಿದ್ದೆ. ಚಮಚದ ಸದ್ದು ಕೇಳಬಾರದು ಅಂತ."

ಹದಿಮೂರು ವಾರದಲ್ಲಿ ಒಂದು ಶನಿವಾರ ಬಂದಿದ್ದರೆ ಸಾಕಿತ್ತು ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಸರಿ ಆ ಕಡೆ" ಎಂದಳು ಅಕ್ಕ. ಅವನು ಸರಿದ. ಅವಳು ಮಂಚದ ಅಂಚಿನಲ್ಲಿ ಕೂತು, ತಂತಿ ಒತ್ತುತ್ತಿದ್ದ ಆ ಕೈಯನ್ನು ಹಿಡಿಯಲು ಹೋಗಿ, ಹಾಡು ಮುಗಿಯಲಿ ಎಂದು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಭಾವ ಅವಳ ಮುಖದಿಂದ ಕಣ್ಣು ಕೀಳಲಿಲ್ಲ.

ಹೊರಗೆ ಬಾಗಿಲು ಬಡಿದ ಸದ್ದಾಯಿತು. ಆಯಾ ಬರುವ ಹೊತ್ತು.

"ಹೋಗಿ ಹೇಳು" ಎಂದಳು ಅಕ್ಕ, ತಿರುಗದೆ. "ಇವತ್ತು ನಾನೇ ತಿನ್ನಿಸ್ತೀನಿ ಅಂತ."

ಅವನು ಹೋಗಿ ಬಾಗಿಲು ತೆಗೆದ.