ಹಳೆಯ ಮಾತನ್ನು ಒರೆಸುವ ಸಾಲು

ವಾಡಿಯ ಸಿಮೆಂಟ್ ಕಾರ್ಖಾನೆಗೆ ಕಂಪ್ಯೂಟರ್ ಬಂದ ವರ್ಷ ನಾನು ನಮ್ಮ ಓಣಿಯ ಪಾಲಿಗೆ ಟೀವಿ ಮುಂದೆ ಕೂತು ಪಗಾರ ತರುವ ಹುಡುಗಿಯಾಗಿದ್ದೆ. ಅದು ಟೀವಿಯಲ್ಲವೆಂದು ನಂಬಿದವಳು ನಮ್ಮ ತಾಯಿಯ ತಾಯಿ, ನಾನಿ ಅಮೀರ್ಬೀ ಒಬ್ಬಳೇ. ಅವಳ ಕಥೆಗಳಲ್ಲಿ ಒಂದು ಜಾತಿಯ ಜಿನ್ನುಗಳಿದ್ದವು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವು, ನೀರು ತಾ ಎಂದರೆ ಬಾವಿಯನ್ನೇ ಕಿತ್ತು ಅಂಗಳಕ್ಕೆ ತರುವವು. ನನ್ನ ಮಷೀನು ಆ ಜಾತಿಯದೇ ಎಂದು ನಾನಿ ತೀರ್ಮಾನಿಸಿಬಿಟ್ಟಿದ್ದಳು. ಅಲ್ಲಿ ಕೆಲಸ ಮಾಡಿದಷ್ಟು ದಿನವೂ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಗಲಿಲ್ಲ.

ಆ ಜಿನ್ನಿಗೆ ನಮ್ಮ ಮಾತು ತಿಳಿಯುವುದಿಲ್ಲ. ನಾವು ಬರೆದ ಸಾಲುಗಳನ್ನು ಅದರ ಭಾಷೆಗೆ ತಿರುಗಿಸಿ ಕೊಡುವುದು ಕಂಪೈಲರ್ ಎಂಬ ಪ್ರೋಗ್ರಾಂ. ಪೇಟೆಯಲ್ಲಿ ಸಿಗುವ ಕಂಪೈಲರ್ ನಮ್ಮ ಪುಟ್ಟ ಮಷೀನಿನಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಚಿತ್ತಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಗುರುಲಿಂಗಪ್ಪ ಸರ್ ಒಂದು ಸಣ್ಣದನ್ನು ತಾವೇ ಬರೆದಿದ್ದರು. ಅದರ ಒಂದು ಭಾಗವನ್ನು ಮಾತ್ರ ನನ್ನ ಕೈಗೆ ಕೊಟ್ಟರು. ಹೆಸರಿಗೆ ಆಪ್ಟಿಮೈಸರ್, ನಾನು ಅದನ್ನು ಕಸಬರಿಗೆ ಎನ್ನುತ್ತಿದ್ದೆ. ತಿರುಗಿಸುವ ಮೊದಲು ಅದು ಸಾಲುಗಳ ಮೇಲೆ ಒಮ್ಮೆ ಓಡಾಡಿ ಬೇಡದ್ದನ್ನು ಗುಡಿಸುತ್ತದೆ. ಒಂದು ಹೆಸರಿನಲ್ಲಿಟ್ಟ ಅಂಕಿಯೇ ಇನ್ನೊಂದು ಹೆಸರಿನಲ್ಲೂ ಇದೆ ಎಂದು ಕಂಡರೆ ಅದನ್ನು ಗುರುತು ಹಾಕಿಕೊಂಡು, ಎರಡರ ಬದಲು ಒಂದನ್ನೇ ಬಳಸುತ್ತದೆ. ಪ್ರೋಗ್ರಾಂ ಚಿಕ್ಕದಾಗುತ್ತದೆ. ನಾನೇ ಬರೆದು ನೋಡಿದ ಪ್ರೋಗ್ರಾಂಗಳನ್ನೆಲ್ಲ ಕಸಬರಿಗೆ ಚೊಕ್ಕವಾಗಿ ಗುಡಿಸಿಕೊಟ್ಟಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಮುಖ್ಯ ಕಚೇರಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಕಲ್ಲು, ಮಣ್ಣು ಯಾವ ಅಳತೆಯಲ್ಲಿ ಭಟ್ಟಿಗೆ ಹೋಗಬೇಕೆಂದು ಲೆಕ್ಕ ಹಾಕುವ ಲ್ಯಾಬಿನ ಪ್ರೋಗ್ರಾಂ ಅವರೆದುರು ನಡೆದರೆ ಮಷೀನು ವಾಡಿಯಲ್ಲಿ ಉಳಿಯುತ್ತದೆ. ನಡೆಯದಿದ್ದರೆ ಹೈದರಾಬಾದಿಗೆ ಹೋಗುತ್ತದೆ, ಅದರ ಹಿಂದೆಯೇ ನನ್ನ ಹಂಗಾಮಿ ನೌಕರಿಯೂ ಹೋಗುತ್ತದೆ. ಪಗಾರಕ್ಕಿಂತ ಹೆಚ್ಚಾಗಿ, ಆ ಜಿನ್ನಿನ ಜೊತೆ ಮಾತಾಡುವ ಸುಖ ಬಿಟ್ಟುಹೋಗುತ್ತದೆಂದು ನನಗೆ ಎದೆ ಭಾರವಾಗಿತ್ತು.

ಗುರುವಾರ ಲ್ಯಾಬಿನ ಕೆಮಿಸ್ಟ್ ಮಡಿವಾಳಯ್ಯನವರು ತಮ್ಮ ಪ್ರೋಗ್ರಾಂ ತಂದು ಕೊಟ್ಟರು. ಕಂಪೈಲರ್ ಅದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾಯಿತು. ಆಮೇಲೆ ಸ್ಟ್ಯಾಕ್ ತುಂಬಿತೆಂದು ಪರದೆಯ ಮೇಲೆ ಬರೆದು ಬಿದ್ದುಬಿಟ್ಟಿತು. ಸ್ಟ್ಯಾಕ್ ಎಂದರೆ ಹುಡುಕಲು ಹೊರಟ ಮಷೀನು ಮರಳಿ ಬರುವ ದಾರಿಗೆ ಗುರುತಿನ ಕಲ್ಲು ಇಡುತ್ತ ಹೋಗುವ ಜಾಗ. ಕಲ್ಲು ಇಡಲು ಜಾಗವೇ ಉಳಿಯದಷ್ಟು ದೂರ ಅದು ಎಲ್ಲಿಗೆ ಹೋಗಿತ್ತು? ಕಸಬರಿಗೆಯನ್ನು ತೆಗೆದಿಟ್ಟರೆ ಪ್ರೋಗ್ರಾಂ ಜಿನ್ನಿನ ಭಾಷೆಗೆ ತಿರುಗುತ್ತಿತ್ತು, ಆದರೆ ಮಷೀನಿನಲ್ಲಿ ಹಿಡಿಸುತ್ತಿರಲಿಲ್ಲ. ತಪ್ಪು ನನ್ನ ಕಸಬರಿಗೆಯದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಒಳಗೆ ಏನೋ ಹೊಕ್ಕಿದೆ ಎಂದು ನಾನು ಗೊಣಗಿದೆ. ಗುರುಲಿಂಗಪ್ಪ ಸರ್ ಕನ್ನಡಕ ಒರೆಸಿಕೊಂಡರು. "ಹೊಕ್ಕಿದ್ದು ನೀ ಬರ್ದಿದ್ದೇ ಅದವ್ವಾ. ಅದಕ್ಕ ಬ್ಯಾರೆ ದೆವ್ವ ಬೇಕಾಗಿಲ್ಲ."

ಮಡಿವಾಳಯ್ಯನವರು ಬಾಗಿಲಲ್ಲೇ ನಿಂತಿದ್ದರು. "ಬೇಗಂ ಸಾಹೇಬರ, ನಮ್ಮ ಲೆಕ್ಕ ಕೈಲೇ ಮಾಡಿದ್ರ ಇಷ್ಟೊತ್ತಿಗೆ ಮುಗಿದು ಚಾ ಕುಡಿತಿದ್ವಿ ನೋಡ್ರಿ," ಎಂದು ಹೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ನನಗೆ ಊಟ ಕಟ್ಟಿಕೊಡಲು ನಾನಿಗೆ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬಿ ಬೇಕಾಯಿತು. ನಮ್ಮ ಓಣಿಯಲ್ಲಿ ಭಾಂಡೆಯನ್ನು ಖಾಲಿ ಮರಳಿಸುವುದು ಅಪಮಾನ. ಹೋಳಿಗೆ ಬಂದ ಡಬ್ಬಿಯಲ್ಲಿ ಏನಾದರೂ ಹಾಕಿಯೇ ಕೊಡಬೇಕು. ಅದು ಒಮ್ಮೊಮ್ಮೆ ಒಡತಿಯ ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗುವುದೂ ಉಂಟು. ಹೀಗಾಗಿ ಹೆಸರು ಕೆತ್ತಿದ ಡಬ್ಬಿಗಳೂ ತಮ್ಮ ಮನೆಯಲ್ಲಿ ಇರುತ್ತಿದ್ದದ್ದು ಕಡಿಮೆ. ನಮ್ಮ ಡಬ್ಬಿ ಚಂದಮ್ಮನ ಮನೆಯಲ್ಲಿದೆ, ಸೇವಯಿ ಪಾಯಸ ಹಾಕಿ ನಾನೇ ಕೊಟ್ಟಿದ್ದೇನೆ ಎಂದಳು ನಾನಿ.

ಪಕ್ಕದ ಮನೆಯ ಚಂದಮ್ಮಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅದರಲ್ಲಿ ಶೇಂಗಾ ಹೋಳಿಗೆ ಹಾಕಿ ಸಾಬಮ್ಮನಿಗೆ ಕೊಟ್ಟೆನೆಂದಳು. ಓಣಿಯ ಕೊನೆಯ ಸಾಬಮ್ಮಕ್ಕನ ಮನೆಗೆ ಹೋದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ನಿಮ್ಮ ಡಬ್ಬಿ ಕೇಳಲಿಕ್ಕ ನನ್ನ ಮನಿಗ್ಯಾಕ ಬಂದಿ? ಮಾವಿನಕಾಯಿ ಉಪ್ಪಿನಕಾಯಿ ತುಂಬಿ ನಿಮ್ಮ ನಾನಿ ಕೈಯಾಗೇ ಇಟ್ಟು ಬಂದೀನಿ."

ಮರಳಿ ಬಂದು ನೋಡಿದರೆ ಡಬ್ಬಿ ನಮ್ಮ ಗೋಡೆಯ ಮಾಡದಲ್ಲೇ ಕೂತಿತ್ತು, ಕುತ್ತಿಗೆಯವರೆಗೂ ಉಪ್ಪಿನಕಾಯಿ. ಇಷ್ಟು ಹೊತ್ತು ಓಣಿ ತುಂಬ ತಿರುಗಿಸಿದಿಯಲ್ಲ ಎಂದು ನಾನಿಯ ಮೇಲೆ ಹಾರಾಡಿದೆ. ಅವಳಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

"ಸಾಬಮ್ಮ ಉಪ್ಪಿನಕಾಯಿ ತಂದಾಳ ಅಂತ ನನಗ ಗೊತ್ತದ. ಡಬ್ಬಿ ತಂದಾಳ ಅಂತ ಯಾರು ಹೇಳ್ಯಾರ?"

ನಗು ಬಂತು, ಅರ್ಧಕ್ಕೇ ನಿಂತಿತು. ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಚಂದಮ್ಮನ ಮನೆಯಲ್ಲಿದೆ ಎಂಬ ನಾನಿಯ ಮಾತು ಒಂದು ಕಾಲಕ್ಕೆ ಖರೆಯೇ. ಡಬ್ಬಿ ಅಲ್ಲಿಂದ ಹೊರಟ ಮೇಲೂ ಅವಳು ಆ ಮಾತನ್ನು ಬಿಟ್ಟಿರಲಿಲ್ಲ, ಅಷ್ಟೆ. ಮಡಿವಾಳಯ್ಯನವರ ಪ್ರೋಗ್ರಾಂನ ಮೂರು ಸಾಲು ಕಣ್ಣೆದುರು ಬಂದವು. ಕಾರ್ಖಾನೆಯಲ್ಲಿ ಕಲ್ಲಿನ ಗುಡ್ಡೆ ಎರಡು: ಹಳೆಯದನ್ನು ಭಟ್ಟಿಗೆ ಕಳಿಸುತ್ತಿರುವಾಗ ಹೊಸದನ್ನು ಪೇರಿಸುತ್ತಾರೆ, ಮುಗಿದೊಡನೆ ಅದಲುಬದಲು. ಅದಕ್ಕೆ ಮಡಿವಾಳಯ್ಯನವರು ಹಳೆಯದರ ಅಳತೆಯನ್ನು ಮೊದಲು ಕೈ ಎಂಬ ಮೂರನೇ ಹೆಸರಿನಲ್ಲಿ ಹಿಡಿದು, ಹೊಸದನ್ನು ಹಳೆಯದರ ಜಾಗಕ್ಕೆ ಹಾಕಿ, ಕೈಯಲ್ಲಿದ್ದದ್ದನ್ನು ಹೊಸದರ ಜಾಗಕ್ಕೆ ಹಾಕಿದ್ದರು. ನನ್ನ ಕಸಬರಿಗೆ ಮೂರನ್ನೂ ಗುರುತು ಹಾಕಿಕೊಂಡಿತ್ತು: ಕೈ ಎಂದರೆ ಹಳೆಯದು, ಹಳೆಯದೆಂದರೆ ಹೊಸದು, ಹೊಸದೆಂದರೆ ಕೈ. ಹೊಸದನ್ನು ಕೇಳಿದರೆ ಕೈಗೆ ಕಳಿಸುತ್ತದೆ, ಕೈ ಹಳೆಯದಕ್ಕೆ, ಹಳೆಯದು ಮತ್ತೆ ಹೊಸದಕ್ಕೆ. ಓಣಿಯಲ್ಲಿ ನಾನಾದರೂ ಮನೆಗೆ ಬಂದು ಮುಟ್ಟಿದೆ. ಪಾಪ, ಜಿನ್ನು ಕಲ್ಲು ಇಡುತ್ತ ಇಡುತ್ತ ಸುತ್ತುತ್ತಲೇ ಇತ್ತು.

ಊಟದ ಮಾತು ಮರೆತು ಕಾರ್ಖಾನೆಗೆ ಓಡಿದೆ.

ಹೊಸ ಅಂಕಿ ಬಂದ ಹೆಸರಿನ ಬಗ್ಗೆ ಹಿಂದಿನ ಗುರುತುಗಳೆಲ್ಲ, ಆ ಹೆಸರು ಗುರುತಿನ ಎಡಕ್ಕಿರಲಿ ಬಲಕ್ಕಿರಲಿ, ಒರೆಸಿಹೋಗಬೇಕು ಎಂದು ಒಂದು ಸಾಲು ಸೇರಿಸಿದೆ. ಕಂಪೈಲರ್ ಬೀಳಲಿಲ್ಲ. ಆದರೆ ಪ್ರೋಗ್ರಾಂ ಒಂದಿಷ್ಟೂ ಚಿಕ್ಕದಾಗಿರಲಿಲ್ಲ, ಮೊದಲಿನಂತೆಯೇ ಹಿಡಿಸದೆ ಹೊರಗೆ ಉಳಿಯಿತು. ಸ್ಟೇಷನ್ನಿಗೆ ಸಾಹೇಬರನ್ನು ಕರೆತರಲು ಜೀಪು ಹೊರಟ ಸದ್ದು ಕೇಳಿಸಿತು. ಗುರುಲಿಂಗಪ್ಪ ಸರ್ ನನ್ನ ಹಿಂದೆ ಬಗ್ಗಿ ಪರದೆ ನೋಡುತ್ತಿದ್ದರು.

"ಒರಸೂದು ಸರಿ ಅದ. ಯಾವಾಗ ಒರಸ್ಲಿಕತ್ತಿ, ಅದು ನೋಡು," ಎಂದರು.

ಹೊಸ ಗುರುತು ಹಾಕಿದ ಮೇಲೆ ಒರೆಸುತ್ತಿದ್ದೆ! ಹಳೆಯದರ ಜೊತೆ ಆಗತಾನೆ ಹಾಕಿದ್ದೂ ಹೋಗುತ್ತಿತ್ತು. ಆ ಸಾಲನ್ನು ಎತ್ತಿ ಒಂದು ಮೆಟ್ಟಿಲು ಮೇಲಿಟ್ಟೆ. ಮಷೀನು ಗುರ್ರೆಂದಿತು. ಪ್ರೋಗ್ರಾಂ ಗುಡಿಸಿಕೊಂಡು, ತಿರುಗಿಕೊಂಡು, ಮಷೀನಿನೊಳಗೆ ಹೋಗಿ ಕೂತಿತು. ಸರ್ ತಮ್ಮ ಚಹಾದ ಕಪ್ಪನ್ನು ನನ್ನ ಕಡೆಗೆ ಸರಿಸಿದರು.

ದೊಡ್ಡ ಸಾಹೇಬರು ಬಂದು ಕೂತಾಗ ಮಡಿವಾಳಯ್ಯನವರು ಆ ಬೆಳಗಿನ ಕಲ್ಲಿನ ಅಳತೆಗಳನ್ನು ಓದಿ ಹೇಳಿದರು, ನಾನು ಕೀಲಿ ಒತ್ತಿದೆ. ಲೆಕ್ಕದೊಳಗೆ ಗುಡ್ಡೆಗಳು ಅದಲುಬದಲಾದವು. ಪ್ರಿಂಟರ್ ಕರಕರನೆ ಹಾಳೆ ಉಗುಳಿತು. ಮಡಿವಾಳಯ್ಯನವರು ಅದನ್ನು ಕಿತ್ತುಕೊಂಡು, ಬೆಳಗಿನಿಂದ ಕೈಯಲ್ಲೇ ಹಾಕಿಟ್ಟಿದ್ದ ತಮ್ಮ ಲೆಕ್ಕದ ಪಕ್ಕ ಹಿಡಿದು ಬೆರಳಿಟ್ಟು ಕೆಳಗಿಳಿದರು. ಒಂದು ಕಡೆ ಬೆರಳು ನಿಂತಿತು. ನನ್ನ ಜೀವವೂ ನಿಂತಿತು. ಅವರು ಪೆನ್ನು ತೆಗೆದು ತಿದ್ದಿದ್ದು ಮಾತ್ರ ತಮ್ಮ ಹಾಳೆಯನ್ನು.

ಮಷೀನು ಇಲ್ಲೇ ಇರಲಿ, ನಡೆಸುವವರೂ ಇರಲಿ ಎಂದು ಸಾಹೇಬರು ಎದ್ದರು. ಗುರುಲಿಂಗಪ್ಪ ಸರ್ ಅವರನ್ನು ಕಳಿಸಲು ಜೀಪಿನ ತನಕ ಹೋದರು. ನನಗೆ ಕುಣಿಯಬೇಕೆನಿಸಿತ್ತು, ಆದರೆ ಮಡಿವಾಳಯ್ಯನವರು ಇನ್ನೂ ಅಲ್ಲೇ ನಿಂತಿದ್ದರು. ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಬರೂ ತಿಂಗಳಿಂದ ಮೂರನೇ ಗುಡ್ಡೆ ಹಾಕ್ಲಿಕತ್ತಾರಂತ," ಎಂದರು, ಗುಟ್ಟು ಹೇಳುವವರ ಹಾಗೆ. "ಅದರ ಪ್ರೋಗ್ರಾಂ ಈಗೇ ಶುರು ಮಾಡೂಣೇನು?"

ನಾನು ಆಗಲೇ ಕೀಲಿ ಒತ್ತತೊಡಗಿದ್ದೆ.