ಖಾರ ಮಂಡಕ್ಕಿ ತಂಡವೂ ಕೊನೆಯ ನುಡಿಯೂ

ಮಗಳು ಕೃತಿಕಾ ಹಾಡುತ್ತಾಳೆ ಎಂಬುದರ ಬಗ್ಗೆ ವಿನೋಬನಗರದ ಮಾಲತೇಶಪ್ಪನವರಿಗೆ ತಕರಾರಿರಲಿಲ್ಲ. ಗಿಟಾರು ಹಿಡಿದು ಹಾಡುತ್ತಾಳೆ ಎಂಬುದನ್ನೂ ಹೇಗೋ ನುಂಗಿಕೊಂಡಿದ್ದರು. ಅವರಿಗೆ ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ತಂಡದ ಹೆಸರು.

"ಖಾರ ಮಂಡಕ್ಕಿ ಅಂತೆ! ತತ್ವಪದ ಹಾಡೋರು ಇಟ್ಕೊಳ್ಳೋ ಹೆಸರೇನೆ ಇದು? ನಿನ್ನೆ ಹಿಟ್ಟಿನ ಗಿರಣಿ ಹತ್ರ ಒಬ್ಬ ಕೇಳಿದ, ಹಾಡಿನ ಜೊತಿಗೆ ಮಿರ್ಚಿನೂ ಕೊಡ್ತಾರೇನ್ರಿ ಅಂತ. ನಾನು ಏನ್ ಹೇಳ್ಲಿ?"

"ಕೊಡ್ತೀವಿ ಅನ್ರಿ ಅಪ್ಪ, ಜನ ಜಾಸ್ತಿ ಬರ್ತಾರೆ," ಎಂದಳು ಕೃತಿಕಾ.

ಮಾಲತೇಶಪ್ಪನವರು ಹತ್ತಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗಿರಣಿ ಮುಚ್ಚಿತು, ಹಾರ್ಮೋನಿಯಂ ಮುಚ್ಚಲಿಲ್ಲ. ಪ್ರತಿ ಗುರುವಾರ ಸಂಜೆ ಅವರ ಪಡಸಾಲೆಯಲ್ಲಿ ತತ್ವಪದಗಳ ಬೈಠಕ್ಕು. ಹಾರ್ಮೋನಿಯಂ ಅವರದೇ. ದಮ್ಮಡಿ ಬಾರಿಸಲು ಹರೆಯದ ದಿನಗಳ ಗೆಳೆಯ, ದರ್ಜಿ ಜಾಫರ್ ಸಾಹೇಬರು. ತಾಳ ಹಾಕಿ ದನಿಗೂಡಿಸಲು ಹಿಟ್ಟಿನ ಗಿರಣಿಯ ಗುಡ್ಡಪ್ಪ. ಯಾರು ಕೊನೆಗೆ ಮಾತಾಡಿದರೋ ಅವರದ್ದೇ ಸರಿ ಎನ್ನುವ ಸಾಧು ಮನುಷ್ಯ ಆತ. ಹರೆಯದಲ್ಲಿ ಮಾಲತೇಶಪ್ಪ, ಜಾಫರ್ ಇಬ್ಬರೂ ಊರೂರು ತಿರುಗುವ ಒಬ್ಬ ಹಾಡುಗಾರರ ಹಿಂದೆ ಓಡಾಡಿ ಪದ ಕಲಿತವರು. ಆ ಗುರು ಈಗಿಲ್ಲ. ಆದ್ದರಿಂದ ಪದಗಳ ಶುದ್ಧಿ ಕಾಯುವ ಭಾರವೆಲ್ಲ ತಮ್ಮ ಹೆಗಲ ಮೇಲೆಯೇ ಇದೆ ಎಂದು ಮಾಲತೇಶಪ್ಪನವರ ನಂಬಿಕೆ.

ಈಗ ಅದೇ ಪದಗಳನ್ನು ಮಗಳು ಗಿಟಾರಿನ ಮೇಲೆ ಹಾಡತೊಡಗಿದ್ದಳು. ಅವಳ ಕಾಲೇಜಿನ ಕೊಟ್ರೇಶನದು ಕೊಳಲು. ಜಾಫರ್ ಸಾಹೇಬರ ಕಿರಿಮಗ ನೌಮಾನ್ ಅಪ್ಪನ ಹಳೆಯ ದಮ್ಮಡಿಯ ಜೊತೆಗೆ ಒಂದು ಖಾಲಿ ಎಣ್ಣೆ ಡಬ್ಬಿಯನ್ನೂ ಬಾರಿಸುತ್ತಿದ್ದ.

"ಡಬ್ಬಿ ಬಾರಿಸ್ತಾನಲ್ಲೋ ನಿನ್ ಮಗ!" ಎಂದರು ಮಾಲತೇಶಪ್ಪ.

"ನಿನ್ ಮಗಳು ಹಾಡಾಕ ಹೊಂಟಾಳೆ ಅಂತ ನನ್ ಮಗ ಬಾರಿಸ್ತಾನೆ," ಎಂದರು ಜಾಫರ್ ಸಾಹೇಬರು. ಗೆಳೆಯನ ಮುಖ ಕೆಂಪಾದದ್ದು ಕಂಡು, "ಆದ್ರೂ ಡಬ್ಬಿ ಜಾಸ್ತಿ ಆತು, ಖರೆ," ಎಂದು ಸೇರಿಸಿದರು.

ಅಷ್ಟರಲ್ಲಿ ಹರಿಹರದ ಕಾರ್ಮಿಕರ ಸಂಘವೊಂದರ ಸಭಾಂಗಣದಲ್ಲಿ ಭಾನುವಾರ ಸಂಜೆ ಖಾರ ಮಂಡಕ್ಕಿ ತಂಡದ ಹಾಡುಗಾರಿಕೆ ಎಂದು ಗೊತ್ತಾಯಿತು. ಮಾಲತೇಶಪ್ಪನವರು ಗುರುವಾರದ ಬೈಠಕ್ಕಿನಲ್ಲೇ ಠರಾವು ಹೊರಡಿಸಿದರು.

"ಮೂವರೂ ಹೋಗಾಣ. ಮುಂದಿನ ಸಾಲಿನಾಗೆ ಕೂಡ್ರಾಣ. ಎಲ್ಲಿ ಪದ ಕೆಡಿಸ್ತಾರೋ ಅಲ್ಲಿ ನಾನು ಎದ್ದು ಶಾಲು ಕೊಡವ್ತೀನಿ. ಕೊಡವಿದ ಕೂಡ್ಲೆ ಮೂವರೂ ಹೊರಗೆ. ಮಾತಿಲ್ಲ, ಜಗಳಿಲ್ಲ. ಹಿರೇರು ಎದ್ದು ಹೋದ್ರು ಅಂದ್ರೆ ಅವ್ರಿಗೇ ತಿಳೀತೈತೆ."

"ಸರಿಯಾತು," ಎಂದ ಗುಡ್ಡಪ್ಪ.

"ಮಕ್ಕಳು ನೊಂದ್ಕೊಳ್ಳಲ್ಲೇನು?" ಎಂದರು ಜಾಫರ್.

"ಅದೂ ಸರಿ," ಎಂದ ಗುಡ್ಡಪ್ಪ.

ಅಡುಗೆಮನೆಯಿಂದ ಚಹಾ ತಂದ ಅನ್ನಪೂರ್ಣಮ್ಮ ಗಂಡನ ಮುಖ ನೋಡಿ, "ನಾನೂ ಬರ್ತೀನಿ. ನೀವು ಎದ್ದು ಹೋದ್ರೆ ಚಪ್ಪಾಳೆ ತಟ್ಟಾಕೆ ಮನೇರು ಒಬ್ರಾದ್ರೂ ಬೇಕಲ್ಲ," ಎಂದರು.

ಭಾನುವಾರ ಬಸ್ಸು ಹರಿಹರ ಮುಟ್ಟುವವರೆಗೂ ಮಾಲತೇಶಪ್ಪನವರು ಶಾಲನ್ನು ಮಡಿಲಲ್ಲಿ ಇಟ್ಟುಕೊಂಡು ಯುದ್ಧಕ್ಕೆ ಹೊರಟವರಂತೆ ಕೂತಿದ್ದರು. ಸಭಾಂಗಣ ತುಂಬಿತ್ತು. ಪಾಳಿ ಮುಗಿಸಿ ಬಂದ ಕಾರ್ಮಿಕರು, ಅವರ ಹೆಂಡತಿಯರು, ಹುಡುಗರು. ಇಷ್ಟು ಜನ ತಮ್ಮ ಪಡಸಾಲೆಗೆ ಎಂದೂ ಬಂದದ್ದಿಲ್ಲ ಎಂಬುದು ಅವರಿಗೆ ತಟ್ಟನೆ ಹೊಳೆದು, ಇನ್ನಷ್ಟು ಸಿಟ್ಟು ಬಂತು.

ಕೃತಿಕಾ ಶುರುಮಾಡಿದ್ದೇ ಅವರ ಗುರುವಿನ ಪದದಿಂದ:

*ಬಾಗಿಲಿಲ್ಲದ ಮನೆಗೆ ಬೀಗ ಯಾತಕೊ ತಮ್ಮಾ*
*ಬೀಗದ ಕೈ ಹುಡುಕಿ ಬಳಲಬ್ಯಾಡೊ*

ಮಾಲತೇಶಪ್ಪನವರು ತಪ್ಪು ಹಿಡಿಯಲು ಕಿವಿ ನೆಟ್ಟಗೆ ಮಾಡಿಕೊಂಡರು. ಲಯ ನಿಧಾನ. ಅದು ತಪ್ಪೇ? ಅಲ್ಲ, ಗುರುಗಳೂ ಹೊಳೆದಂಡೆಯಲ್ಲಿ ಕೂತಾಗ ಹೀಗೇ ಹಾಡುತ್ತಿದ್ದರು. ಗಿಟಾರು ಹೆಚ್ಚು ಸದ್ದು ಮಾಡುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ನೀರು ತೊಟ್ಟಿಕ್ಕಿದಂತೆ ಟಿಣ್ ಎನ್ನುತ್ತಿತ್ತು, ಅಷ್ಟೇ. ಡಬ್ಬಿಯೂ ಮರ್ಯಾದೆಯಿಂದಲೇ ಇತ್ತು. ಪಕ್ಕಕ್ಕೆ ನೋಡಿದರೆ ಜಾಫರ್ ಸಾಹೇಬರ ಬೆರಳು ಕುರ್ಚಿಯ ಕೈಯ ಮೇಲೆ ಕುಣಿಯುತ್ತಿದ್ದವು. ಮಾಲತೇಶಪ್ಪನವರು ಮೊಣಕೈಯಿಂದ ತಿವಿದರು. ಬೆರಳು ನಿಂತವು; ಕಾಲು ಶುರುವಾಯಿತು.

ಮೂರು ನುಡಿ ಮುಗಿದವು. ನಾಲ್ಕನೆಯದು ಬರಬೇಕು. ಬರಲಿಲ್ಲ. ಕೃತಿಕಾ ಪಲ್ಲವಿ ಹಾಡಿ ನಿಲ್ಲಿಸಿದಳು. ಜನ ಚಪ್ಪಾಳೆ ತಟ್ಟಿದರು.

"ಕೊನೇ ನುಡಿ ಎಲ್ಲೈತೆ?" ಮಾಲತೇಶಪ್ಪನವರು ತಮಗರಿವಿಲ್ಲದೆ ಎದ್ದು ನಿಂತು ಕೂಗಿದರು. ಎದ್ದ ರಭಸಕ್ಕೆ ಶಾಲು ಕೆಳಗೆ ಬಿತ್ತು. ಎತ್ತಿಕೊಂಡು, ಧೂಳು ಹತ್ತಿತೆಂದು ಎರಡು ಸಲ ಕೊಡವಿದರು.

ಗುಡ್ಡಪ್ಪ ಎದ್ದ. ಯಾರ ಮುಖವನ್ನೂ ನೋಡದೆ ಇಡೀ ಸಭಾಂಗಣ ದಾಟಿ ಹೊರಗೆ ಹೊರಟೇಹೋದ.

"ಅಪ್ಪ, ಕೊನೇ ನುಡಿ ನಮಗೆ ಗೊತ್ತಿಲ್ಲ," ಎಂದಳು ಕೃತಿಕಾ ಮೈಕಿನಲ್ಲೇ. "ನಿಮ್ಮ ಗುರುವಾರದ ಹಾಡಿಕೀನ ಅಡುಗೆಮನಿಯಿಂದ ಟೇಪ್ ಮಾಡ್ಕೊಂಡೇ ನಾವು ಕಲ್ತಿದ್ದು. ಮೂರು ನುಡಿ ಚೆನ್ನಾಗಿ ಕೇಳಸ್ತಾವೆ. ನಾಲ್ಕನೇದಕ್ಕೆ ಬಂದ್ರೆ ನೀವು ಹಾರ್ಮೋನಿಯಂನ ಎಷ್ಟು ಜೋರು ಒತ್ತೀರಿ ಅಂದ್ರೆ ಬರೀ ಬುಸ್ ಬುಸ್. ಬರ್ರಿ, ನೀವೇ ಹಾಡಿ ತೋರಿಸ್ರಿ."

ಮಗಳು ಕದ್ದು ಟೇಪ್ ಮಾಡಿ ಕಲಿತಳು ಎಂಬ ಮಾತಿಗೆ ಎದೆ ಉಬ್ಬಬೇಕೋ ಹಾರ್ಮೋನಿಯಂ ಬುಸ್ ಅಂದಿತು ಎಂಬ ಮಾತಿಗೆ ಸಿಟ್ಟಾಗಬೇಕೋ ತಿಳಿಯದೆ ಮಾಲತೇಶಪ್ಪನವರು ವೇದಿಕೆ ಹತ್ತಿದರು. ಬೆನ್ನಿಗೇ ಜಾಫರ್ ಸಾಹೇಬರೂ ಹತ್ತಿದರು. ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಸಾಲಿಗೊಬ್ಬರಂತೆ ದನಿ ಎತ್ತಿದರು.

"ಹೊಳೆಯ ದಾಟುವ ಮುನ್ನ ದೋಣಿ ನೆಚ್ಚಲುಬ್ಯಾಡ..." ಎಂದರು ಮಾಲತೇಶಪ್ಪ.

"ಹೊಳೆಯ ದಾಟಿದ ಮ್ಯಾಲೆ ದೋಣಿ ಹೊರಲುಬ್ಯಾಡ..." ಎಂದರು ಜಾಫರ್.

ಕೊನೆಯ ಸಾಲಿಗೆ ಇಬ್ಬರೂ ಒಟ್ಟಿಗೆ ಬಂದರು. "ಗುರುವಿನ ಪಾದ ಹಿಡಿದು ದಾಟೊ!" ಎಂದರು ಮಾಲತೇಶಪ್ಪ.

"ಗುರುವಿನ ಪಾದಾನೂ ಬಿಟ್ಟು ದಾಟೊ!" ಎಂದರು ಜಾಫರ್.

ಇಬ್ಬರೂ ಕಣ್ಣು ತೆರೆದರು.

"ಏನಂದಿ?"

"ನೀನೇನಂದಿ?"

"ಬಿಟ್ಟು ಅಂದ್ಯಲ್ಲೋ! ಗುರುವಿನ ಪಾದ ಬಿಟ್ರೆ ಮುಳುಗಿ ಹೋಗ್ತಿ!"

"ಹಿಡ್ಕೊಂಡ್ರೆ ಗುರುನೂ ಮುಳುಗ್ತಾನೆ! ದಾಟಿದ ಮ್ಯಾಲೂ ಕಾಲು ಹಿಡ್ಕೊಂಡು ಕುಂತ್ರೆ ಅವ್ನು ಮನಿಗೆ ಹೆಂಗೆ ಹೋಗ್ಬೇಕು?"

ಸಭಾಂಗಣ ಬಿದ್ದೂ ಬಿದ್ದೂ ನಗತೊಡಗಿತು. ನೌಮಾನ್ ತಡೆಯಲಾರದೆ ಡಬ್ಬಿಯ ಮೇಲೆ ಒಂದು ಏಟು ಹಾಕಿದ. ಮಾಲತೇಶಪ್ಪನವರು ಕೊನೆಯ ಆಸರೆಯಾಗಿ ಹೆಂಡತಿಯ ಕಡೆ ತಿರುಗಿದರು. "ಅನ್ನಪೂರ್ಣ, ನೀನು ವರ್ಷಗಟ್ಟಲೆ ಕೇಳೀಯಲ್ಲ, ನೀನೇ ಹೇಳು. ಯಾವುದು ಖರೆ?"

ಅನ್ನಪೂರ್ಣಮ್ಮ ಕೂತಲ್ಲಿಂದಲೇ ಹೇಳಿದರು: "ನಂಗೆ ಎರಡೂ ಕೇಳಸ್ತಿದ್ವು. ಒಬ್ರು ಹಿಡಿ ಅಂತಾರೆ, ಒಬ್ರು ಬಿಡು ಅಂತಾರೆ. ಪದ ಇರೋದೇ ಹಂಗೆ ಅಂತ ಮಾಡಿದ್ದೆ. ಚಲೋನೂ ಐತೆ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ನಮ್ಮೂರಾಗೆ ದೇವ್ರೇ ಅರ್ಧ ಹರಿ, ಅರ್ಧ ಹರ. ಎರಡೂ ಹಾಡ್ರಿ ಯಜಮಾನ್ರೇ!"

ಸರಿ, ಹಾಡಿದರು. ಮೊದಲು ಹಿಡಿದು, ಆಮೇಲೆ ಬಿಟ್ಟು. ಹಾರ್ಮೋನಿಯಂ ಇಲ್ಲದೆ ಎಂದೂ ಹಾಡದಿದ್ದ ಮಾಲತೇಶಪ್ಪನವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊದಲು ಹಿಂದೆ ಕಟ್ಟಿಕೊಂಡರು, ಆಮೇಲೆ ಮುಂದೆ, ಕೊನೆಗೆ ಶಾಲನ್ನು ಹಿಡಿದುಕೊಂಡರು. ಜಾಫರ್ ತನ್ನ ಸಾಲು ಹಾಡುವಾಗ ಸುಮ್ಮನೆ ನಿಂತು ಕೇಳಬೇಕಾಯಿತು. ಅವನ ದನಿ ತುದಿಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆ ಒಡಕಿನಲ್ಲಿ ಗುರುಗಳ ಕಂಠದ ಛಾಯೆ ಇತ್ತು. ಇಷ್ಟು ವರ್ಷ ಪಕ್ಕದಲ್ಲೇ ಕೂತವನ ಗಂಟಲಲ್ಲಿ ಅದು ಇದ್ದದ್ದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡ ಮಾಲತೇಶಪ್ಪನವರು ಮೈಕನ್ನು ಗೆಳೆಯನ ಕಡೆಗೆ ಸ್ವಲ್ಪ ಸರಿಸಿದರು. ಚಪ್ಪಾಳೆ ಜೋರಾಗಿ ಬಂತು. ಅದು ಯಾರಿಗೆ ಎಂದು ಅವರು ಕೇಳಿಕೊಳ್ಳಲು ಹೋಗಲಿಲ್ಲ.

ಹೊರಗೆ ಗುಡ್ಡಪ್ಪ ಒಂದು ಪೊಟ್ಟಣ ಮಿರ್ಚಿ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದ. "ನೀವು ಯಾಕ ಬರ್ಲಿಲ್ಲ? ನಾನು ಒಬ್ನೇ ಪ್ರತಿಭಟನೆ ಮಾಡಿದೆ," ಎಂದ.

ವಾಪಸು ಬಸ್ಸಿನಲ್ಲಿ ಹುಡುಗರೆಲ್ಲ ಹಿಂದೆ ಕೂತರು, ಗಿಟಾರಿಗೂ ಒಂದು ಸೀಟು ಹಿಡಿದುಕೊಂಡು. ಗೆಳೆಯರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮಾಲತೇಶಪ್ಪನವರೇ ಮೊದಲು ಕೇಳಿದರು.

"ಯಾವಾಗಿಂದ ಬಿಟ್ಟು ಅಂತಿದ್ದಿ?"

"ಮೊದ್ಲಿಂದನೂ. ಗುರುಗಳು ಉಕ್ಕಡಗಾತ್ರಿ ಜಾತ್ರಿಯಾಗೆ ನಂಗೆ ಹೇಳಿಕೊಟ್ಟಿದ್ದೇ ಹಂಗೆ. ನಿಂಗೆ ಆವತ್ತು ಜ್ವರ ಇತ್ತು."

"ನಂಗೆ ಜ್ವರ ಬಿಟ್ಟ ಮ್ಯಾಲೆ ಹಿಡಿದು ಅಂತ ಹೇಳಿಕೊಟ್ರು."

"ನಿಂಗೆ ಹಿಡ್ಕೊಳ್ಳಾಕೆ ಏನಾದ್ರೂ ಬೇಕಿತ್ತು ಅನ್ಸಿರಬೇಕು ಅವ್ರಿಗೆ."

ಮಾಲತೇಶಪ್ಪನವರು ಕಿಟಕಿಯಾಚೆ ನೋಡಿದರು. "ಮತ್ತೆ ಇಷ್ಟು ವರ್ಷ ನಂಗೆ ಯಾಕ ಹೇಳ್ಲಿಲ್ಲ?"

"ಪ್ರತಿ ಗುರುವಾರ ಹೇಳೀನಿ. ಹಾಡಿ ಹೇಳೀನಿ. ನೀನು ಪೆಟ್ಟಿಗೆ ಒತ್ತೋದು ನಿಲ್ಲಿಸಿದ್ರೆ ತಾನೆ ಕೇಳೋದು?"

ಮಾಲತೇಶಪ್ಪನವರು ಹಿಂದೆ ತಿರುಗಿ, ಸಾಕ್ಷಿಗಾಗಿ ಕೊನೆಯ ಸಲ ಪ್ರಯತ್ನಿಸಿದರು. "ಗುಡ್ಡಪ್ಪ, ನೀನು ನಮ್ಮ ಜೊತಿಗೇ ಹಾಡ್ತಿದ್ದಿ. ನೀನು ಯಾವುದು ಹಾಡ್ತಿದ್ದಿ, ಹಿಡಿದೋ ಬಿಟ್ಟೋ?"

ಗುಡ್ಡಪ್ಪ ಬಾಯಲ್ಲಿದ್ದ ಮಿರ್ಚಿಯನ್ನು ನಿಧಾನವಾಗಿ ನುಂಗಿದ. "ನಂಗೆ ಪದಾನೇ ಬರಂಗಿಲ್ಲ ಮಾಲತೇಶಣ್ಣ. ಸುಮ್ನೆ ಬಾಯಿ ಆಡಸ್ತಿದ್ದೆ."

ಜಾಫರ್ ಸಾಹೇಬರು ಮೊದಲು ನಕ್ಕರು. ಮಾಲತೇಶಪ್ಪನವರು ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಂಡಕ್ಟರು ಬಂದು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದ.

ಮುಂದಿನ ಗುರುವಾರದ ಬೈಠಕ್ಕಿಗೆ ಖಾರ ಮಂಡಕ್ಕಿ ತಂಡವೂ ಬಂದು ಚಾಪೆಯ ಮೇಲೆ ಕೂತಿತು. ಮಾಲತೇಶಪ್ಪನವರು ಅವರ ಹೆಸರಿನ ಬಗ್ಗೆ ಐದು ನಿಮಿಷ ಬೈದರು, ಡಬ್ಬಿಯನ್ನು ಬಾಗಿಲ ಹೊರಗೆ ಇಡಿಸಿದರು, ಗುಡ್ಡಪ್ಪನನ್ನು ಮೊದಲ ನುಡಿ ಬಾಯಿಪಾಠ ಮಾಡಲು ಹಚ್ಚಿದರು. ಪದ ಶುರುವಾಯಿತು. ಮೂರು ನುಡಿ ಆದವು. ನಾಲ್ಕನೆಯದು ಬಂದಾಗ ಅವರು ಹಾರ್ಮೋನಿಯಂನ ತಿದಿ ಒತ್ತುವ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಜಾಫರ್ ಸಾಹೇಬರ ಕಡೆ ನೋಡಿದರು.

"ಮೊದ್ಲು ನೀನು ಹಾಡು," ಎಂದರು.